ಕಾದಂಬರಿ ಬರೆದು ಮುಗಿಸಿದ್ದೇನೆ, ಪ್ರಕಾಶಕರನ್ನು ಹುಡುಕುವುದು ಹೇಗೆ?

ಶಾಲ್ಮಲಾ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವಳು, ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ನಾಲ್ಕಾರು ಕಥೆಗಳು ವಾರಪತ್ರಿಕೆಗಳಲ್ಲಿ ಬಂದಿವೆ. ಈಗ ಒಂದು ಕಾದಂಬರಿ ಮುಗಿದಿದೆ. ಸುಮಾರು 48,000 ಪದ ಆಗಬಹುದು. ಪುಸ್ತಕ ಇನ್ನೂ ಒಂದೂ ಬಂದಿಲ್ಲ, ಇದೇ ಮೊದಲನೆಯದು.

ಹೋದ ವಾರ ಒಂದು ಸಂಸ್ಥೆಯವರು ಫೋನ್ ಮಾಡಿದ್ದರು. ಅವರ ಹೆಸರು ಇಲ್ಲಿ ಬೇಡ. ಪುಸ್ತಕ ತರುತ್ತೇವೆ, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ), ಮುಖಪುಟ, ಬಿಡುಗಡೆ ಸಮಾರಂಭ ಎಲ್ಲ ನಮ್ಮದೇ, ನೀವು ಒಂದು ಮೊತ್ತ ಕಟ್ಟಿದರೆ ಸಾಕು ಅಂದರು. ಕಾದಂಬರಿ ಓದಿದ್ದೀರಾ ಅಂತ ಕೇಳಿದೆ. ಓದೋದು ಆಮೇಲೆ ಇದ್ದೇ ಇದೆ ಮೇಡಂ ಅಂದರು. ಆ ಮಾತು ಕೇಳಿದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಗೊತ್ತಿರುವವರು ದಾರಿ ಹೇಳಿ.

ಅಚ್ಚುಮೊಳೆ

ಮೇಡಂ, ಹಣ ಕಟ್ಟುವ ಮುಂಚೆ ಕೇಳಿದಿರಲ್ಲ, ಒಳ್ಳೆಯದಾಯಿತು. ನಾನು ಬೆಂಗಳೂರಿನಲ್ಲಿ ಒಂದು ಸಣ್ಣ ಪ್ರಕಾಶನದಲ್ಲಿ ಬಹಳ ಕಾಲ ಕೆಲಸ ಮಾಡಿದವನು. ಸ್ವಲ್ಪ ಉದ್ದ ಆಗುತ್ತೆ, ಓದಿ.

ಪುಸ್ತಕ ಅಂದರೆ ಯಾರೋ ಒಬ್ಬರು ಮೊದಲೇ ಹಣ ಹಾಕಬೇಕು. ಡಿಟಿಪಿ ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದು, ಕರಡು ತಿದ್ದುವವರು, ಮುಖಪುಟ ಬರೆಯುವವರು, ಕಾಗದ, ಅಚ್ಚು, ಬೈಂಡಿಂಗು, ಎಲ್ಲಕ್ಕೂ ದುಡ್ಡು ಬೇಕು. ಪ್ರಕಾಶಕರೇ ಆ ಹಣ ಹಾಕಿದರೆ, ಪುಸ್ತಕ ಮಾರಿದರೆ ಮಾತ್ರ ಅದು ವಾಪಸ್ ಬರೋದು, ಹಾಗಾಗಿ ಅವರು ಓದಿ ನೋಡುತ್ತಾರೆ, ಚೆನ್ನಾಗಿಲ್ಲದ ಅಧ್ಯಾಯ ಇನ್ನೊಮ್ಮೆ ಬರೆಯಿರಿ ಅಂತ ಕಾಡುತ್ತಾರೆ, ಅಂಗಡಿಗಳಿಗೆ ಕಳಿಸುತ್ತಾರೆ. ಬರೆದವರಿಂದಲೇ ಹಣ ತೆಗೆದುಕೊಂಡವರಿಗೆ ಮೊದಲ ಪ್ರತಿ ಅಚ್ಚಾಗುವ ಮುಂಚೆಯೇ ಲಾಭ ಬಂದಾಗಿದೆ. ಆಮೇಲೆ ಆ ಪುಸ್ತಕ ಒಬ್ಬ ಓದುಗನಿಗೆ ತಲುಪದಿದ್ದರೂ ಅವರಿಗೆ ನಷ್ಟ ಇಲ್ಲ. ಓದದೇ ಒಪ್ಪಿಕೊಳ್ಳುವುದು ಅದಕ್ಕೇ.

ಲೆಕ್ಕ ಹೇಳುತ್ತೇನೆ. 200 ರೂಪಾಯಿ ಮುಖಬೆಲೆಯ ಪುಸ್ತಕ ಅಂದುಕೊಳ್ಳಿ. ಮಾರಾಟಗಾರರಿಗೆ 40% ರಿಯಾಯಿತಿ ಅಂದರೆ 80 ರೂಪಾಯಿ ಅಲ್ಲೇ ಹೋಯಿತು. ಲೇಖಕರ ರಾಯಲ್ಟಿ ನಮ್ಮಲ್ಲಿ ಸಾಮಾನ್ಯವಾಗಿ ಮುಖಬೆಲೆಯ 10%, ಅಂದರೆ 20 ರೂಪಾಯಿ. ಉಳಿದ 100ರಲ್ಲಿ ಅಚ್ಚಿನ ಖರ್ಚು, ಗೋಡೌನು, ಅಂಚೆ, ಸಂಬಳ. ಅಂಗಡಿಯವರು ದುಡ್ಡು ಕೊಡೋದು ಮಾರಿದ ಮೇಲೆ, ಅದೂ ತಿಂಗಳುಗಟ್ಟಲೆ ತಡವಾಗಿ. 1000 ಪ್ರತಿ ಪೂರ್ತಿ ಖರ್ಚಾದರೂ ನಿಮಗೆ ಬರೋದು 20,000. ಇದು ಗೊತ್ತಿದ್ದರೆ ಪ್ರಕಾಶಕರು ಯಾಕೆ ಹೊಸಬರಿಗೆ ಹಿಂದೆಮುಂದೆ ನೋಡುತ್ತಾರೆ ಅನ್ನೋದೂ ಅರ್ಥ ಆಗುತ್ತೆ.

ಇನ್ನೊಂದು ವಿಷಯ, ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಖರೀದಿ. ಆಯ್ಕೆಯಾದ ಶೀರ್ಷಿಕೆಗೆ 300 ಪ್ರತಿ ತೆಗೆದುಕೊಳ್ಳುವ ಪದ್ಧತಿಯ ಮೇಲೇ ಕನ್ನಡದ ಎಷ್ಟೋ ಸಣ್ಣ ಪ್ರಕಾಶನಗಳು ನಿಂತಿದ್ದವು. ಆಯ್ಕೆ ತಡವಾಯಿತು, ಬಿಲ್ ತಡವಾಯಿತು ಅಂದರೆ ಅದರ ಬಿಸಿ ನೇರವಾಗಿ ಹೊಸ ಲೇಖಕರಿಗೆ ತಟ್ಟುತ್ತೆ. ಪ್ರಕಾಶಕರು ಆ ವರ್ಷ ಹೊಸ ಹೆಸರುಗಳನ್ನು ಪಕ್ಕಕ್ಕೆ ಇಡುತ್ತಾರೆ. ನಿಮ್ಮ ಹಸ್ತಪ್ರತಿ ವಾಪಸ್ ಬಂದರೆ ಅದು ಕೆಟ್ಟದ್ದು ಅಂತಲೇ ಅಂದುಕೊಳ್ಳಬೇಡಿ.

ಕೊಪ್ಪಳದ ಹುಡುಗ

ಹಾಗಾದ್ರೆ ಹಣ ಕೊಡದೇ ಮೊದಲ ಪುಸ್ತಕ ತರೋಕೆ ನಮ್ಮಂಥವರಿಗೆ ದಾರಿನೇ ಇಲ್ವಾ ಸರ್? ನನ್ನದು ಕವನ ಸಂಕಲನ. ಕವಿತೆ ಅಂದ ಕೂಡಲೇ ಫೋನ್ ಇಡ್ತಾರೆ.

ಅಚ್ಚುಮೊಳೆ

ಇದೆ ತಮ್ಮಾ, ಖಂಡಿತ ಇದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತೆ. ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಹಸ್ತಪ್ರತಿ ಕರೆಯುತ್ತಾರೆ, ಆಯ್ಕೆಯಾದರೆ ಪುಸ್ತಕ ಅಚ್ಚು ಹಾಕಿಸೋಕೆ ಹಣ ಸಿಗುತ್ತೆ. ವಯಸ್ಸಿನ ಮಿತಿ, ಪುಟಗಳ ನಿಯಮ ಎಲ್ಲ ಆ ಪ್ರಕಟಣೆಯಲ್ಲೇ ಇರುತ್ತೆ. ಬೆಂಗಳೂರಿನ ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ ಕಚೇರಿ ಇದೆ, ಫೋನ್ ಮಾಡಿ ಕೇಳಿದರೂ ಹೇಳುತ್ತಾರೆ.

ಕಡಲಕರೆ

ಕವನ ಸಂಕಲನ ಅಂದಿರಿ, ನಮ್ಮ ಕರಾವಳಿ ಕಡೆ ಒಂದು ಒಳ್ಳೆಯ ದಾರಿ ಇದೆ. ಕಾಂತಾವರ ಕನ್ನಡ ಸಂಘದ ಮುದ್ದಣ ಕಾವ್ಯ ಪ್ರಶಸ್ತಿಗೆ ಕರೆಯುವುದೇ ಕವಿತೆಗಳ ಹಸ್ತಪ್ರತಿ. ಅಚ್ಚಾದ ಪುಸ್ತಕ ಅಲ್ಲ. ಕಾಂತಾವರ ಕಾರ್ಕಳದ ಹತ್ತಿರದ ಸಣ್ಣ ಹಳ್ಳಿ, ಅಲ್ಲಿಂದ ಇಂಥ ಕೆಲಸ ನಡೆಯುತ್ತಿದೆ ಅನ್ನೋದು ನನಗೆ ಯಾವತ್ತೂ ಹೆಮ್ಮೆ. ಕಥೆ ಬರೆಯುವವರಿಗೆ ಛಂದ ಪುಸ್ತಕದವರ ಬಹುಮಾನ ಇದೆ. ಕಥಾ ಸಂಕಲನ ಇನ್ನೂ ತಂದಿರದವರ ಹಸ್ತಪ್ರತಿ ಕರೆದು, ಗೆದ್ದದ್ದನ್ನು ಅವರೇ ಚೆಂದವಾಗಿ ಪ್ರಕಟಿಸುತ್ತಾರೆ. ತುಳುವಿನಲ್ಲಿ ಬರೆಯುವವರಿದ್ದರೆ ಉಡುಪಿ ತುಳುಕೂಟದ ಪಣಿಯಾಡಿ ಕಾದಂಬರಿ ಪ್ರಶಸ್ತಿಯನ್ನೂ ನೋಡಿ.

ಇಲ್ಲಿ ಒಂದು ಮಾತು ಜೋರಾಗಿಯೇ ಹೇಳಬೇಕು. ಇಂಥ ಎಷ್ಟೋ ಬಾಗಿಲುಗಳು ತೆರೆದಿರೋದು ಮೊದಲ ಪುಸ್ತಕಕ್ಕೆ! ಅವಸರದಲ್ಲಿ ಯಾರಿಗೋ ಹಣ ಕೊಟ್ಟು, ತಪ್ಪುಗಳೇ ತುಂಬಿದ ನೂರು ಪ್ರತಿ ಅಚ್ಚು ಹಾಕಿಸಿಕೊಂಡರೂ ಅದು ನಿಮ್ಮ ಮೊದಲ ಪುಸ್ತಕ ಅಂತಲೇ ದಾಖಲಾಗುತ್ತೆ. ಆಮೇಲೆ ಪ್ರಾಧಿಕಾರದ ಚೊಚ್ಚಲ ಕೃತಿ ಯೋಜನೆ ಇಲ್ಲ. ಕರ್ನಾಟಕ ಸಾಹಿತ್ಯ ಅಕಾಡೆಮಿಯಲ್ಲಿ ಲೇಖಕರ ಮೊದಲ ಸ್ವತಂತ್ರ ಕೃತಿಗೆ ಕೊಡುವ ಮಧುರಚೆನ್ನ ದತ್ತಿ ಬಹುಮಾನಕ್ಕೂ ಆ ಪುಸ್ತಕವೇ ಲೆಕ್ಕ. ಎಷ್ಟೋ ಒಳ್ಳೆಯ ಹುಡುಗ ಹುಡುಗಿಯರು ಹೀಗೆ ಅವಕಾಶ ಕಳೆದುಕೊಂಡಿದ್ದನ್ನು ನೋಡಿ ನನಗೆ ನಿಜವಾಗಿ ಬೇಸರ ಇದೆ. ದಯವಿಟ್ಟು ಮೊದಲ ಪುಸ್ತಕವನ್ನು ಸುಮ್ನೆ ಖರ್ಚು ಮಾಡಿಬಿಡಬೇಡಿ.

ಸ್ವಂತ ಖರ್ಚು

ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನನ್ನ ಎರಡು ಪುಸ್ತಕಗಳನ್ನು ನಾನೇ ಪ್ರಕಟಿಸಿದ್ದೇನೆ. ಹಣ ಕೊಟ್ಟು ಬೇರೆಯವರ ಹೆಸರಿನಲ್ಲಿ ತರೋದು ಬೇರೆ, ನಾವೇ ಪ್ರಕಾಶಕರಾಗೋದು ಬೇರೆ. ಎರಡನೆಯದರಲ್ಲಿ ಹಕ್ಕು, ಪ್ರತಿಗಳು, ಲೆಕ್ಕ ಎಲ್ಲ ನಮ್ಮ ಕೈಯಲ್ಲೇ ಇರುತ್ತೆ.

ಐಎಸ್‌ಬಿಎನ್‌ಗೆ ದುಡ್ಡು ಕೇಳಿದರೆ ಕೊಡಬೇಡಿ. ಭಾರತದಲ್ಲಿ ಅದನ್ನು ಕೊಡೋದು ಕೇಂದ್ರ ಶಿಕ್ಷಣ ಸಚಿವಾಲಯದ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ, ಅದೂ ಉಚಿತವಾಗಿ. ಆನ್‌ಲೈನಿನಲ್ಲಿ ಲೇಖಕರೇ ಅರ್ಜಿ ಹಾಕಬಹುದು. ಸ್ವಲ್ಪ ತಾಳ್ಮೆ ಬೇಕು, ದಾಖಲೆ ಸರಿ ಇಲ್ಲ ಅಂತ ವಾಪಸ್ ಬರೋದೂ ಇದೆ. ಇ-ಪುಸ್ತಕ ಮಾಡೋದಾದರೆ ಅದಕ್ಕೆ ಬೇರೆ ನಂಬರ್ ತೆಗೆದುಕೊಳ್ಳಿ. ಅಚ್ಚಾದ ಮೇಲೆ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಪ್ರತಿ ಕೊಟ್ಟು ನೋಂದಣಿ ಮಾಡಿಸಿ, ಗ್ರಂಥಾಲಯ ಖರೀದಿಗೆ ಅರ್ಜಿ ಹಾಕುವಾಗ ಅದು ಬೇಕಾಗುತ್ತೆ. ಲೇಖಕರೇ ಪ್ರಕಾಶಕರಾಗಿದ್ದರೂ ಖರೀದಿಗೆ ಅರ್ಜಿ ಹಾಕಬಹುದು. 1954ರ ಕಾಯ್ದೆ ಪ್ರಕಾರ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಒಂದು ಪ್ರತಿ ಕಳಿಸಬೇಕು, ಚೆನ್ನೈನ ಕನ್ನೆಮರಾ ಗ್ರಂಥಾಲಯದಂಥ ಇನ್ನೂ ಕೆಲವು ಕಡೆಗೂ. ಬಹಳ ಜನ ಕಳಿಸೋದೇ ಇಲ್ಲ. ಕಳಿಸಿ. ನಮ್ಮ ನಂತರವೂ ಒಂದು ಪ್ರತಿ ಎಲ್ಲೋ ಒಂದು ಕಡೆ ಉಳಿಯುತ್ತೆ ಅಲ್ವಾ.

ಪ್ರತಿ ಜಾಸ್ತಿ ಹಾಕಿಸಬೇಡಿ. ಈಗ ಡಿಜಿಟಲ್ ಅಚ್ಚಿನಲ್ಲಿ ನೂರು, ಇನ್ನೂರು ಪ್ರತಿ ಮಾಡಿಸಿ, ಖಾಲಿಯಾದಂತೆ ಮತ್ತೆ ಹಾಕಿಸಬಹುದು. ಬೆಂಗಳೂರಿನ ಪೋಥಿ ಡಾಟ್ ಕಾಮ್ ಥರದವರು ಕೇಳಿದವರಿಗೆ ಕೇಳಿದಷ್ಟೇ ಪ್ರತಿ ಅಚ್ಚು ಮಾಡಿ ಕಳಿಸುತ್ತಾರೆ. ಒಂದು ಪ್ರತಿಯ ಬೆಲೆ ಸ್ವಲ್ಪ ದುಬಾರಿ, ಆದರೆ ಮನೆಯಲ್ಲಿ ಕಟ್ಟುಗಳು ಕೂರೋದಿಲ್ಲ.

ಅಚ್ಚುಮೊಳೆ

ನೀವು ಹೇಳಿದ್ದು ಸರಿ ಸರ್, ಆದರೆ ಮಾರಾಟದ ಮಾತು ಬಿಟ್ಟಿರಿ. ಸಪ್ನ, ನವಕರ್ನಾಟಕ, ಅಂಕಿತದಂಥ ಅಂಗಡಿಗಳು ಬೆಂಗಳೂರಿನಲ್ಲಿವೆ. ಶಿರಸಿಯ ಮೇಷ್ಟ್ರಮ್ಮ ಶಾಲೆ ಬಿಟ್ಟು ಅಂಗಡಿಯಿಂದ ಅಂಗಡಿಗೆ ಪ್ರತಿ ಕೊಟ್ಟು, ಆರು ತಿಂಗಳ ಮೇಲೆ ಲೆಕ್ಕ ಕೇಳೋಕೆ ಮತ್ತೆ ಬರೋದಕ್ಕೆ ಆಗುತ್ತಾ? ಮೊದಲು ಬುಕ್ ಪೋಸ್ಟಿನಲ್ಲಿ ಕಡಿಮೆ ಖರ್ಚಿಗೆ ಕಳಿಸಬಹುದಿತ್ತು, 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಅದನ್ನೂ ನಿಲ್ಲಿಸಿತು. ಆಗ 150 ರೂಪಾಯಿ ಪುಸ್ತಕ ಒಬ್ಬರ ಮನೆಗೆ ಕಳಿಸೋ ಖರ್ಚು ನೋಡಿ ಹೊಟ್ಟೆ ಉರಿದಿತ್ತು. ಸ್ವಂತ ಪ್ರಕಾಶನ ಆಗೋದು ಊರೂರಲ್ಲಿ ಪರಿಚಯ ಇರುವವರಿಗೆ, ಸಭೆ ಸಮ್ಮೇಳನಗಳಿಗೆ ಹೋಗಿ ಮಳಿಗೆ ಹಾಕುವ ಹುಮ್ಮಸ್ಸು ಇರುವವರಿಗೆ.

ಸ್ವಂತ ಖರ್ಚು

ಒಪ್ಪಿದೆ. ನಾನು ಸಮ್ಮೇಳನ ಬಿಡೋದಿಲ್ಲ, ಮಂಡ್ಯದ ಸಮ್ಮೇಳನದಲ್ಲೂ ಕೂತಿದ್ದೆ. ಎಲ್ಲರಿಗೂ ಅದು ಆಗದು. ಆದರೂ ಪ್ರಕಾಶಕರ ಉತ್ತರಕ್ಕೆ ವರ್ಷಗಟ್ಟಲೆ ಕಾಯುತ್ತಾ ಕೂರೋದಕ್ಕಿಂತ ನನಗೆ ಇದೇ ಮೇಲು ಅನ್ನಿಸುತ್ತೆ.

ಪುಟವಿನ್ಯಾಸ

ನಾನು ಹುಬ್ಬಳ್ಳಿಯಲ್ಲಿ ಡಿಟಿಪಿ ಮಾಡ್ತೀನಿ. ಅಕ್ಕಾ, ನಿಮ್ಮ ಕಾದಂಬರಿ ಯಾವುದರಲ್ಲಿ ಟೈಪ್ ಆಗಿದೆ ಅಂತ ಹೇಳಲಿಲ್ಲ. ಹಳೆಯ ನುಡಿ ಫಾಂಟಿನಲ್ಲಿದ್ದರೆ ಮೊದಲು ಯಾವ ಕಂಪ್ಯೂಟರಿನಲ್ಲೂ ಓದೋಕೆ ಬರೋ ಯೂನಿಕೋಡಿಗೆ ಬದಲಾಯಿಸಿ. ಪ್ರಕಾಶಕರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅವರಿಗೆ ಕಾಣೋದು ಬರೀ ಚಿಹ್ನೆಗಳು, ಅಂಥ ಫೈಲನ್ನು ಯಾರೂ ಎರಡನೇ ಸಲ ತೆರೆಯಲ್ಲ. ಬದಲಾಯಿಸಿದ ಮೇಲೆ ಒಂದು ಸಲ ಪೂರ್ತಿ ಓದಲೇಬೇಕು. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿರುತ್ತೆ, ಉದ್ಧರಣ ಚಿಹ್ನೆ ತಿರುಗಿರುತ್ತೆ, ‘ಸಾಫ್ಟ್‌ವೇರ್’ ಅನ್ನೋದು ‘ಸಾಫ್ಟ್ವೇರ್’ ಆಗಿರುತ್ತೆ. ಕಂಪ್ಯೂಟರ್ ಇದನ್ನೆಲ್ಲ ಹಿಡಿಯಲ್ಲ, ಕಣ್ಣೇ ಹಿಡಿಯಬೇಕು.

ಪುಟದ ಲೆಕ್ಕ: ಕಾದಂಬರಿಗೆ ಡೆಮಿ 1/8 ಸೈಜು ರೂಢಿ. ಒಂದು ಪುಟಕ್ಕೆ ಸುಮಾರು 200ರಿಂದ 220 ಪದ ಹಿಡಿಸುತ್ತೆ, ಅಂದರೆ ನಿಮ್ಮದು 220ರಿಂದ 240 ಪುಟ. ಒಂದು ಫಾರಂ ಅಂದರೆ 16 ಪುಟ. 240 ಪುಟ ಸರಿಯಾಗಿ 15 ಫಾರಂ ಆಗುತ್ತೆ. 243 ಆಯ್ತು ಅಂದರೆ ಮೂರು ಪುಟಕ್ಕೆ ಅಂತ ಕಾಲು ಫಾರಮ್ಮೋ ಅರ್ಧ ಫಾರಮ್ಮೋ ಜಾಸ್ತಿ. ಒಳಪುಟಕ್ಕೆ 70 ಜಿಎಸ್‌ಎಂ ತೂಕದ ಮ್ಯಾಪ್ಲಿಥೊ ಕಾಗದ ಸಾಕು. ಕೊಟೇಶನ್ ಕೇಳುವಾಗ ಸೈಜು, ಪುಟ, ಕಾಗದ, ಬೈಂಡಿಂಗ್, ಪ್ರತಿಗಳ ಸಂಖ್ಯೆ ಇಷ್ಟನ್ನೂ ಹೇಳಿ ಕೇಳಿ. ಆಗ ಎರಡು ಪ್ರೆಸ್ಸಿನ ರೇಟು ಪಕ್ಕಪಕ್ಕ ಇಟ್ಟು ನೋಡಬಹುದು.

ಶಾಲ್ಮಲಾ

ಎಲ್ಲರಿಗೂ ಧನ್ಯವಾದ, ಇಷ್ಟು ವಿಷಯ ಒಂದೇ ಕಡೆ ನನಗೆ ಎಲ್ಲೂ ಸಿಕ್ಕಿರಲಿಲ್ಲ. ಹೌದು ತಮ್ಮಾ, ನುಡಿಯಲ್ಲೇ ಇದೆ, ಬದಲಾಯಿಸುತ್ತೇನೆ. ಆ ಸಂಸ್ಥೆಯವರಿಗೆ ಬೇಡ ಅಂತ ಹೇಳಿಬಿಟ್ಟೆ. ಸಾಂಪ್ರದಾಯಿಕವಾಗಿ ಪ್ರಕಾಶಕರಿಗೇ ಕಳಿಸಿ ನೋಡೋಣ ಅಂತ ಮನಸ್ಸು ಮಾಡಿದ್ದೇನೆ. ಪೂರ್ತಿ ಹಸ್ತಪ್ರತಿ ಕಳಿಸಬೇಕಾ? ಒಟ್ಟಿಗೇ ಇಬ್ಬರು ಮೂವರಿಗೆ ಕಳಿಸಿದರೆ ತಪ್ಪಾ? ಮತ್ತೆ, ಮೊದಲೇ ಯಾರಾದರೂ ದೊಡ್ಡ ಸಾಹಿತಿಗಳ ಮುನ್ನುಡಿ ಬರೆಸಿಕೊಂಡು ಹೋಗಬೇಕು ಅಂತ ಸಹೋದ್ಯೋಗಿಯೊಬ್ಬರು ಹೇಳಿದರು.

ಅಚ್ಚುಮೊಳೆ

ಕನ್ನಡದಲ್ಲಿ ನಡುವೆ ಏಜೆಂಟರ ವ್ಯವಸ್ಥೆ ಇಲ್ಲ ಅಂತಲೇ ಹೇಳಬೇಕು, ನೀವೇ ನೇರವಾಗಿ ಬರೆಯಬಹುದು, ಅದು ನಮ್ಮಲ್ಲಿರುವ ದೊಡ್ಡ ಅನುಕೂಲ. ಆದರೆ ಯಾರಿಗೆ ಕಳಿಸುತ್ತಿದ್ದೇವೆ ಅಂತ ನೋಡಿ ಕಳಿಸಿ. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಇದೆ, ಹೆಗ್ಗೋಡಿನಲ್ಲಿ ಅಕ್ಷರ ಪ್ರಕಾಶನ, ಗದಗದಲ್ಲಿ ಲಡಾಯಿ, ಶಿವಮೊಗ್ಗದಲ್ಲಿ ಅಹರ್ನಿಶಿ, ಬೆಂಗಳೂರಿನಲ್ಲಿ ನವಕರ್ನಾಟಕ, ಅಂಕಿತ, ಅಭಿನವ. ಒಂದೊಂದರ ಅಭಿರುಚಿ ಒಂದೊಂದು. ಅವರ ಇತ್ತೀಚಿನ ಪುಸ್ತಕಗಳನ್ನು ಕೊಂಡೋ ಗ್ರಂಥಾಲಯದಿಂದ ತಂದೋ ಓದಿ. ನಿಮ್ಮ ಕಾದಂಬರಿ ಆ ಸಾಲಿನಲ್ಲಿ ನಿಲ್ಲುತ್ತೆ ಅನ್ನಿಸಿದರೆ ಮಾತ್ರ ಕಳಿಸಿ. ನಮ್ಮ ಮೇಜಿಗೆ ಬರುತ್ತಿದ್ದ ಹಸ್ತಪ್ರತಿಗಳಲ್ಲಿ ಎಷ್ಟೋ ಚೆನ್ನಾಗಿದ್ದವು, ಆದರೆ ನಾವು ತರುವಂಥ ಪುಸ್ತಕಗಳೇ ಅವಲ್ಲ. ವಾಪಸ್ ಕಳಿಸುವಾಗ ನಮಗೂ ಸಂಕಟ ಆಗುತ್ತಿತ್ತು.

ಮೊದಲು ಒಂದು ಚಿಕ್ಕ ಪತ್ರ. ನೀವು ಯಾರು, ಕಾದಂಬರಿ ಯಾವುದರ ಬಗ್ಗೆ, ಎಷ್ಟು ಪದ, ಯಾವ ಪತ್ರಿಕೆಗಳಲ್ಲಿ ಕಥೆ ಬಂದಿವೆ. ಜೊತೆಗೆ ಒಂದು ಪುಟದಲ್ಲಿ ಇಡೀ ಕಥೆ, ಕೊನೆ ಏನಾಗುತ್ತೆ ಅನ್ನೋದನ್ನೂ ಸೇರಿಸಿ, ಮುಚ್ಚಿಡಬೇಡಿ. ಮೊದಲ ಎರಡು ಮೂರು ಅಧ್ಯಾಯ ಲಗತ್ತಿಸಿ. ಕೇಳಿದರೆ ಪೂರ್ತಿ ಕಳಿಸಿ. ಇಬ್ಬರು ಮೂವರಿಗೆ ಕಳಿಸೋದು ತಪ್ಪಲ್ಲ, ಆದರೆ ಹಾಗೆ ಕಳಿಸಿದ್ದೇನೆ ಅಂತ ಪತ್ರದಲ್ಲಿ ಹೇಳಿ. ಒಬ್ಬರು ಒಪ್ಪಿ ಕೆಲಸ ಶುರು ಮಾಡಿದ ಮೇಲೆ ಇನ್ನೊಬ್ಬರು ಫೋನ್ ಮಾಡಿದರೆ ಎಲ್ಲರಿಗೂ ಮುಜುಗರ.

ಮುನ್ನುಡಿಗೆ ಈಗಲೇ ಯಾರ ಮನೆ ಬಾಗಿಲಿಗೂ ಹೋಗಬೇಡಿ. ಮುನ್ನುಡಿ ನೋಡಿ ಹಸ್ತಪ್ರತಿ ಒಪ್ಪಿಕೊಂಡದ್ದನ್ನು ನಾನು ಕಂಡಿಲ್ಲ. ಅದಕ್ಕೆ ಕಾಯುತ್ತಾ ವರ್ಷ ಕಳೆದ ಪುಸ್ತಕಗಳನ್ನು ಕಂಡಿದ್ದೇನೆ. ಬೇಕಾದರೆ ಪುಸ್ತಕ ಒಪ್ಪಿಗೆಯಾದ ಮೇಲೆ ಪ್ರಕಾಶಕರೇ ಬೆನ್ನುಡಿ ಬರೆಸುತ್ತಾರೆ. ಅದರ ಬದಲು ನಿಮ್ಮ ಪರಿಚಯದ, ಮುಲಾಜಿಲ್ಲದೆ ಮಾತಾಡುವ ಇಬ್ಬರು ಓದುಗರಿಗೆ ಈಗ ಓದಲು ಕೊಡಿ.

ಕೊಪ್ಪಳದ ಹುಡುಗ

ಅಕ್ಕಾ, ನನಗೆ ಕೊಡಿ, ನಾನು ಓದ್ತೀನಿ. ಕಾದಂಬರಿ ಅಂದ್ರೆ ರಾತ್ರಿಯಿಡೀ ಓದೋನು ನಾನು.

ದೂರದೂರು

ನಾನಿರೋದು ಡಬ್ಲಿನ್‌ನಲ್ಲಿ. ಪುಸ್ತಕ ಬಂದರೆ ಇ-ಪುಸ್ತಕವೂ ಬರಲಿ ಅಂತ ಒಂದು ವಿನಂತಿ. ನಮ್ಮಂಥವರು ಅಚ್ಚಾದ ಪುಸ್ತಕ ತರಿಸಿಕೊಳ್ಳೋದು ಕಷ್ಟ, ಊರಿಗೆ ಬಂದಾಗ ಸೂಟ್‌ಕೇಸಿನಲ್ಲಿ ಎಷ್ಟು ಹಿಡಿಸುತ್ತೋ ಅಷ್ಟೇ. ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಪುಸ್ತಕ ಕೊಂಡು ಓದುವವರು ಇಲ್ಲೂ ಇದ್ದೇವೆ.

ಕರಾರುಪತ್ರ

ಇ-ಪುಸ್ತಕದ ಮಾತು ಬಂತಲ್ಲ, ಕರಾರಿನ ಬಗ್ಗೆ ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ವಕೀಲಿ ನನ್ನ ವೃತ್ತಿ, ಬರಹಗಾರರ ಕರಾರುಗಳನ್ನು ಆಗಾಗ ನೋಡುತ್ತೇನೆ. ಕನ್ನಡದಲ್ಲಿ ಎಷ್ಟೋ ಪುಸ್ತಕ ಬರೀ ಬಾಯಿಮಾತಿನಲ್ಲಿ ಆಗುತ್ತವೆ. ಪ್ರಕಾಶಕರು ಎಷ್ಟೇ ಒಳ್ಳೆಯವರಿರಲಿ, ಕಾಗದದಲ್ಲಿ ಬರೆಸಿಕೊಳ್ಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅನ್ನೋ ಸಂಕೋಚ ಬೇಡ.

1957ರ ಕಾಪಿರೈಟ್ ಕಾಯ್ದೆ ಪ್ರಕಾರ ನೀವು ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯ ಅಲ್ಲ. ಲೇಖಕರು ಬದುಕಿರುವವರೆಗೆ, ಆಮೇಲೆ 60 ವರ್ಷ ಅದು ಇರುತ್ತೆ. ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಬರವಣಿಗೆಯಲ್ಲಿ ಸಹಿ ಆಗಿರಬೇಕು ಅನ್ನೋದೂ ಕಾಯ್ದೆಯಲ್ಲೇ ಇದೆ. 19ನೇ ಸೆಕ್ಷನ್ ಓದಿ. ಅವಧಿ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಬರೆದಿರದ ಹೊರತು, ಅದು ನಿಮಗೇ ವಾಪಸ್. ಈ ಮೂರು ಮಾತು ಎಷ್ಟೋ ಲೇಖಕರಿಗೆ ಗೊತ್ತಿಲ್ಲ ಅನ್ನೋದು ನನಗೆ ಬಹಳ ನೋವಿನ ವಿಷಯ, ಯಾಕೆಂದರೆ ಕಾನೂನು ಅವರ ಪರವಾಗಿಯೇ ಇದೆ.

ಶಾಲ್ಮಲಾ

ಮೇಡಂ, ನನ್ನ ಗೆಳತಿಯೊಬ್ಬಳ ಕರಾರಿನಲ್ಲಿ ‘ಕೃತಿಯ ಎಲ್ಲ ಹಕ್ಕುಗಳು ಪ್ರಕಾಶಕರಿಗೆ ಸೇರಿದ್ದು’ ಅಂತ ಒಂದೇ ಸಾಲು ಇದೆ. ಅವಳ ಪುಸ್ತಕ ಈಗ ಅಂಗಡಿಯಲ್ಲಿ ಸಿಗೋದೂ ಇಲ್ಲ, ಮರುಮುದ್ರಣವೂ ಆಗಿಲ್ಲ. ನನಗೂ ಅಂಥದ್ದೇ ಬಂದರೆ?

ಕರಾರುಪತ್ರ

ಅಂಥ ಸಾಲಿಗೆ ಸಹಿ ಹಾಕಬೇಡಿ. ಪುಸ್ತಕ ರೂಪದ ಕನ್ನಡ ಮುದ್ರಣದ ಹಕ್ಕು ಮಾತ್ರ ಕೊಡಿ, ಅದೂ ಇಷ್ಟು ವರ್ಷಕ್ಕೆ ಅಥವಾ ಇಷ್ಟು ಪ್ರತಿಗಳ ಮುದ್ರಣಕ್ಕೆ ಅಂತ. ಅನುವಾದ, ಇ-ಪುಸ್ತಕ, ಆಡಿಯೋ, ನಾಟಕ, ಸಿನಿಮಾ, ವೆಬ್ ಸೀರೀಸ್ ಇವೆಲ್ಲ ಬೇರೆಬೇರೆ ಹಕ್ಕು. ಪ್ರಕಾಶಕರಿಗೆ ಇ-ಪುಸ್ತಕವನ್ನೂ ಕೊಡೋದಾದರೆ ಅದಕ್ಕೆ ಬೇರೆ ಶೇಕಡಾವಾರು ಬರೆಸಿ, ಅಲ್ಲಿ ಕಾಗದ ಅಚ್ಚಿನ ಖರ್ಚು ಇಲ್ಲವಾದ್ದರಿಂದ 10%ಗಿಂತ ಜಾಸ್ತಿ ಕೇಳೋದು ನ್ಯಾಯ. ವರ್ಷಕ್ಕೊಮ್ಮೆ ಮಾರಾಟದ ಲೆಕ್ಕ ಕೊಡಬೇಕು, ಪ್ರತಿ ಮುಗಿದು ಇಂತಿಷ್ಟು ತಿಂಗಳಲ್ಲಿ ಮರುಮುದ್ರಣ ಮಾಡದಿದ್ದರೆ ಹಕ್ಕು ಲೇಖಕರಿಗೆ ಮರಳಬೇಕು, ಎಷ್ಟು ಪ್ರತಿ ಅಚ್ಚಾಯಿತು ಅನ್ನೋದು ಪುಸ್ತಕದ ಒಳಪುಟದಲ್ಲೇ ಇರಬೇಕು. ಲೇಖಕರಿಗೆ ಉಚಿತ ಪ್ರತಿ ಎಷ್ಟು, ಹೆಚ್ಚಿಗೆ ಬೇಕಾದರೆ ಯಾವ ರಿಯಾಯಿತಿಗೆ ಅನ್ನೋದನ್ನೂ ಸೇರಿಸಿ.

ನಿಮ್ಮ ಗೆಳತಿಯ ಕರಾರಿನಲ್ಲಿ ಅವಧಿ ಬರೆದಿಲ್ಲ ಅಂದರೆ, ಸಹಿಯಾದ ತಾರೀಖಿನಿಂದ ಐದು ವರ್ಷ ಆಗಿದೆಯಾ ನೋಡಲು ಹೇಳಿ. ಆಗಿದ್ದರೆ ಪ್ರಕಾಶಕರಿಗೆ ಒಂದು ಪತ್ರ ಬರೆದು, ಕರಾರಿನ ಅವಧಿ ಮುಗಿದಿದೆ, ಹಕ್ಕು ನನ್ನ ಬಳಿ ಇದೆ ಅಂತ ತಿಳಿಸಿ, ಅಂಚೆಯ ರಸೀದಿ ಇಟ್ಟುಕೊಳ್ಳಲಿ. ಐದು ವರ್ಷ ಆಗಿಲ್ಲದಿದ್ದರೆ ಕರಾರಿನ ಪ್ರತಿ ತೆಗೆದುಕೊಂಡು ಯಾರಾದರೂ ವಕೀಲರಿಗೆ ತೋರಿಸಲಿ, ಪೂರ್ತಿ ಕಾಗದ ನೋಡದೆ ನಾನು ಇಲ್ಲಿ ಹೇಳೋದು ಸರಿಯಲ್ಲ.

ಶಾಲ್ಮಲಾ

ಈಗಲೇ ಅವಳಿಗೆ ಫೋನ್ ಮಾಡುತ್ತೇನೆ. ಅವಳ ಕರಾರು ಆಗಿದ್ದು 2017ರಲ್ಲಿ.

ಕರಾರುಪತ್ರ

ಹಾಗಾದರೆ ಇವತ್ತೇ ಪತ್ರ ಬರೆಯಲು ಹೇಳಿ.